ಮಧ್ಯಾಹ್ನ ಎರಡೂವರೆಗೆ ಸ್ಫೂರ್ತಿ, ಹಾಜರಾತಿ ಕಡ್ಡಾಯ

ಕಳೆದ ತಿಂಗಳು ನಮ್ಮ ಆಫೀಸಿಗೆ ಒಂದು ಸುತ್ತೋಲೆ ಬಂತು. 'ಸಿಬ್ಬಂದಿಯಲ್ಲಿ ಸೃಜನಶೀಲತೆ ಕುಂಠಿತಗೊಂಡಿರುವುದು ಮೇಲಧಿಕಾರಿಗಳ ಗಮನಕ್ಕೆ ಬಂದಿರುತ್ತದೆ. ಆದಕಾರಣ ಬರುವ ಗುರುವಾರ ಮಧ್ಯಾಹ್ನ 2.30ರಿಂದ 4.30ರವರೆಗೆ ಎಲ್ಲರೂ ಸಭಾಂಗಣದಲ್ಲಿ ಮುಕ್ತವಾಗಿ ಯೋಚಿಸತಕ್ಕದ್ದು. ಗೈರುಹಾಜರಾದವರು ಲಿಖಿತ ವಿವರಣೆ ನೀಡತಕ್ಕದ್ದು. ಪೆನ್ನು ತಾವೇ ತರುವುದು.'

'ಮುಕ್ತವಾಗಿ ಯೋಚಿಸತಕ್ಕದ್ದು!' ಇಂಥದೊಂದು ಕ್ರಿಯಾಪದ ಹೊಸೆಯಬಲ್ಲ ಆಫೀಸಿಗೆ ಸೃಜನಶೀಲತೆಯ ತರಬೇತಿ ಯಾಕೆ ಬೇಕಿತ್ತೋ.

ಬೇಕಿತ್ತು, ಅದಕ್ಕೊಂದು ಕಾರಣವಿತ್ತು. ನಿವೃತ್ತರಾಗುತ್ತಿದ್ದ ಹಿರಿಯರೊಬ್ಬರಿಗೆ ಕೊಡಲು ಒಂದು ದೊಡ್ಡ ಕಾರ್ಡು ತಂದು, ಎಲ್ಲರೂ ಮನಸ್ಸಿಗೆ ಬಂದದ್ದು ಎರಡು ಸಾಲು ಬರೆಯಿರಿ ಎಂದು ಟೇಬಲಿನಿಂದ ಟೇಬಲಿಗೆ ಕಳಿಸಿದ್ದರು. ಮೊದಲನೆಯವರು 'ಶುಭವಾಗಲಿ' ಎಂದು ಬರೆದರು. ಎರಡನೆಯವರು ಪೆನ್ನು ಕಚ್ಚುತ್ತಾ ಹತ್ತು ನಿಮಿಷ ಯೋಚಿಸಿ 'ಶುಭವಾಗಲಿ' ಎಂದರು. ಹೀಗೆ ಮೂವತ್ತೊಂದು ಶುಭಗಳಾದ ಮೇಲೆ ಕಾರ್ಡಿನ ಕೊನೆಯಲ್ಲಿ ಯಾರೋ 'ಮೇಲಿನಂತೆ' ಎಂದು ಬರೆದು ಸಹಿ ಹಾಕಿದ್ದರು. ಆ ಸಹಿ ನನ್ನದು.

ಹಿಂದೆ ಇಂಥ ಹೊತ್ತಿನಲ್ಲಿ 'ಯಾಕೋ ತಲೆಯೇ ಓಡ್ತಿಲ್ಲ' ಅಂದರೆ ಮುಗಿಯುತ್ತಿತ್ತು. ತಲೆ ಇವತ್ತು ಓಡದಿದ್ದರೆ ನಾಳೆ ಓಡೀತು. ಈಗ ಹಾಗಲ್ಲ, ಅದಕ್ಕೆ ಕಾಯಿಲೆಯ ಅಂತಸ್ತು ಸಿಕ್ಕಿದೆ. 1940ರ ದಶಕದಲ್ಲಿ ಎಡ್ಮಂಡ್ ಬರ್ಗ್ಲರ್ ಎಂಬ ಮನೋವಿಶ್ಲೇಷಕರು ಅದಕ್ಕೆ 'ರೈಟರ್ಸ್ ಬ್ಲಾಕ್' ಎಂಬ ಹೆಸರು ಕೊಟ್ಟು, ಬೇರು ಹುಡುಕುತ್ತಾ ಹೋಗಿ ಎದೆಹಾಲಿಗೆ ಸಂಬಂಧಿಸಿದ ಶೈಶವದ ಮುನಿಸಿನವರೆಗೂ ತಲುಪಿದರು. ಅಂದರೆ, ನಾನು ಕಾರ್ಡಿನ ಮೇಲೆ 'ಮೇಲಿನಂತೆ' ಎಂದು ಬರೆದದ್ದಕ್ಕೆ ನಮ್ಮಮ್ಮ ಹೊಣೆ. ಬರ್ಗ್ಲರ್ ಅವರಿಗೆ ಮಾತ್ರ ಈ ಕಾಯಿಲೆ ತಗುಲಿದಂತೆ ಕಾಣುವುದಿಲ್ಲ. ಇಪ್ಪತ್ತಕ್ಕೂ ಹೆಚ್ಚು ಪುಸ್ತಕ ಬರೆದರು.

ಕಾಯಿಲೆಗೆ ಹೆಸರು ಸಿಕ್ಕ ಮೇಲೆ ವೈದ್ಯರು ಹುಟ್ಟದೇ ಇರುತ್ತಾರೆಯೇ? ನಮ್ಮ ಪಾಲಿನ ವೈದ್ಯರು ಗುರುವಾರ ಸರಿಯಾಗಿ 2.55ಕ್ಕೆ, ಕಿವಿಗೊಂದು ಮೈಕು ಸಿಕ್ಕಿಸಿಕೊಂಡು ಬಂದರು. ಬಂದವರೇ ಪರದೆಯ ಮೇಲೆ ಒಂಬತ್ತು ಚುಕ್ಕೆ ತೋರಿಸಿ, ಕೈ ಎತ್ತದೆ ನಾಲ್ಕು ಗೆರೆಗಳಲ್ಲಿ ಎಲ್ಲವನ್ನೂ ಸೇರಿಸಿ ಎಂದರು. ಈ ಒಗಟು 1914ರಷ್ಟು ಹಿಂದೆಯೇ ಅಚ್ಚಾಗಿದೆ. ನಾನೇ ಇದನ್ನು ನಾಲ್ಕು ಕಾರ್ಯಾಗಾರಗಳಲ್ಲಿ ಬಿಡಿಸಿದ್ದೇನೆ. ಚೌಕದ ಆಚೆಗೂ ಗೆರೆ ಎಳೆಯಬಹುದು ಎಂಬುದೇ ಗುಟ್ಟು. ಪೆಟ್ಟಿಗೆಯ ಹೊರಗೆ ಯೋಚಿಸಿ ಎಂದು ಊರಿಗೆಲ್ಲ ಸಾರುವವರು ನೂರು ವರ್ಷದಿಂದ ಅದೇ ಒಂದು ಪೆಟ್ಟಿಗೆಯನ್ನು ಹೊತ್ತು ತಿರುಗುತ್ತಿದ್ದಾರೆ. ಹಿಂದಿನ ಸಾಲಿನ ಹುಡುಗನೊಬ್ಬ, 'ಸರ್, ಮಾರ್ಕರ್ ದಪ್ಪ ಇದ್ರೆ ಒಂದೇ ಗೆರೆ ಸಾಕಲ್ವಾ?' ಎಂದ. ಅವನನ್ನು ಕೂರಿಸಲಾಯಿತು.

ಆಮೇಲೆ ಶುರುವಾಯಿತು ಬ್ರೈನ್‌ಸ್ಟಾರ್ಮಿಂಗ್. ಜಾಹೀರಾತು ಕಂಪನಿಯ ಅಲೆಕ್ಸ್ ಆಸ್ಬಾರ್ನ್ ಎಂಬುವರು ಜನಪ್ರಿಯಗೊಳಿಸಿದ ಪದ್ಧತಿ ಇದು: ಗುಂಪಾಗಿ ಕೂರಬೇಕು, ತೋಚಿದ್ದನ್ನೆಲ್ಲ ಹೇಳಬೇಕು, ಯಾರೂ ಯಾರನ್ನೂ ಟೀಕಿಸಬಾರದು. ಕೇಳಲು ಸೊಗಸು. ಆದರೆ 1958ರಲ್ಲೇ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು ಪರೀಕ್ಷಿಸಿ ನೋಡಿದ್ದರು. ಅಷ್ಟೇ ಜನ ಬೇರೆ ಬೇರೆ ಕೂತು ಯೋಚಿಸಿದ್ದನ್ನು ಕೂಡಿಸಿದರೆ ಗುಂಪಿನ ಫಸಲಿಗಿಂತ ಹೆಚ್ಚಾಗುತ್ತಿತ್ತು. 1987ರಲ್ಲಿ ಡೀಲ್ ಮತ್ತು ಸ್ಟ್ರೋಬೆ ಎಂಬಿಬ್ಬರು ಮುಖ್ಯ ಕಾರಣವನ್ನೂ ಹಿಡಿದರು: ಒಬ್ಬರು ಮಾತಾಡುವಾಗ ಉಳಿದವರು ಸರದಿ ಕಾಯಬೇಕು, ಕಾಯುತ್ತಾ ಕಾಯುತ್ತಾ ಹೊಳೆದದ್ದೂ ಆರಿಹೋಗುತ್ತದೆ. ಅಂದರೆ ಅಡ್ಡಗಾಲು ತೆಗೆಯಲು ಕರೆದ ಸಭೆಯೇ ಅಡ್ಡಗಾಲು. ಇಷ್ಟಾದರೂ ಸಭೆ ನಿಂತಿಲ್ಲ, ನಿಲ್ಲುವುದೂ ಇಲ್ಲ. ಒಬ್ಬೊಬ್ಬರೇ ಕೂತು ಯೋಚಿಸಿದರೆ ಫೋಟೊ ತೆಗೆಯುವುದು ಯಾರದು?

ನಮ್ಮ ಸಭೆಯಲ್ಲಿ ಮೊದಲು ಬಾಯಿ ತೆರೆದವರು ಸಾಹೇಬರು. ಅದರ ನಂತರ ಬಂದ ಐಡಿಯಾಗಳೆಲ್ಲ ಆ ಐಡಿಯಾದ ದಾಯಾದಿಗಳೇ. 'ಸರ್ ಹೇಳಿದ್ದಕ್ಕೆ ಒಂದೇ ಒಂದು ಸೇರಿಸ್ತೀನಿ' ಎನ್ನುವುದು, ಸರ್ ಹೇಳಿದ್ದನ್ನೇ ಹೇಳುವುದು. ಟೀಕಿಸಬಾರದೆಂಬ ನಿಯಮವನ್ನಂತೂ ಅಕ್ಷರಶಃ ಪಾಲಿಸಿದೆವು. ಆ ವಿದ್ಯೆ ಕೆಲಸಕ್ಕೆ ಸೇರಿದ ದಿನದಿಂದಲೂ ಕರಗತ.

ದಾಯಾದಿಗಳನ್ನೆಲ್ಲ ಬಣ್ಣಬಣ್ಣದ ಅಂಟು ಚೀಟಿಗಳ ಮೇಲೆ ಬರೆದು ಗೋಡೆಗೆ ಹಚ್ಚಿದೆವು. ಈ ಚೀಟಿಗಳ ಕತೆಯೇ ಸ್ವಾರಸ್ಯ. 1968ರಲ್ಲಿ 3ಎಂ ಕಂಪನಿಯ ಸ್ಪೆನ್ಸರ್ ಸಿಲ್ವರ್ ಗಟ್ಟಿ ಅಂಟು ಮಾಡಲು ಹೊರಟು, ಅಂಟಿಯೂ ಅಂಟದ ಅಂಟೊಂದನ್ನು ಮಾಡಿಟ್ಟರು. ಅದರಿಂದ ಏನು ಉಪಯೋಗ ಎಂದು ವರ್ಷಗಟ್ಟಲೆ ಯಾರಿಗೂ ಹೊಳೆಯಲಿಲ್ಲ. 1974ರ ಸುಮಾರಿಗೆ ಅವರ ಸಹೋದ್ಯೋಗಿ ಆರ್ಟ್ ಫ್ರೈ, ಪ್ರಾರ್ಥನಾಗೀತೆಗಳ ಪುಸ್ತಕದಲ್ಲಿ ಗುರುತಿಗೆ ಇಟ್ಟ ಚೀಟಿಗಳು ಜಾರಿ ಬೀಳುವುದಕ್ಕೆ ರೋಸಿ, ಆ ಅಂಟನ್ನು ನೆನಪಿಸಿಕೊಂಡರು. ಯಾವ ಕಾರ್ಯಾಗಾರದ ನೆರವೂ ಇಲ್ಲದೆ ಹುಟ್ಟಿದ ಈ ವಸ್ತು ಇಲ್ಲದಿದ್ದರೆ ಈಗ ಯಾವ ಕಾರ್ಯಾಗಾರವೂ ನಡೆಯುವುದಿಲ್ಲ. ಅಂದಹಾಗೆ, ಫ್ಯಾನ್ ಹಾಕಿದ್ದೇ ತಡ, ನಮ್ಮ ಐಡಿಯಾಗಳೆಲ್ಲ ನೆಲಕ್ಕೆ ಬಿದ್ದವು. ಫೋಟೊ ಆಗಿತ್ತು, ಯಾರೂ ಹೆಕ್ಕಲಿಲ್ಲ.

ಮುಂದಿನದು 'ಸಾಧಕರ ದಿನಚರಿ'. ಜರ್ಮನ್ ಕವಿ ಶಿಲ್ಲರ್ ಕೊಳೆತ ಸೇಬುಗಳನ್ನು ಮೇಜಿನ ಖಾನೆಯಲ್ಲಿಟ್ಟುಕೊಂಡು ಬರೆಯುತ್ತಿದ್ದನಂತೆ. ಗ್ರೀಸಿನ ಡೆಮಾಸ್ತನೀಸ್ ಭಾಷಣದ ಅಭ್ಯಾಸ ಬಿಟ್ಟು ಹೊರಗೆ ಹೋಗಬಾರದೆಂದು ಅರ್ಧ ತಲೆ ಬೋಳಿಸಿಕೊಳ್ಳುತ್ತಿದ್ದನಂತೆ. ಪಕ್ಕದಲ್ಲಿದ್ದ ಅಕೌಂಟ್ಸಿನ ಮೇಡಂ ಇದೆಲ್ಲವನ್ನೂ ಶ್ರದ್ಧೆಯಿಂದ ಬರೆದುಕೊಳ್ಳುತ್ತಿದ್ದರು. ಆ ಪಟ್ಟಿಯಲ್ಲಿ ಇಲ್ಲದ ಹೆಸರು ಆಂಟನಿ ಟ್ರಾಲಪ್. ಅಂಚೆ ಇಲಾಖೆಯ ನೌಕರ, ಕಾದಂಬರಿಕಾರ. ಬೆಳಗಾಗುತ್ತಲೇ ಗಡಿಯಾರ ಮುಂದಿಟ್ಟುಕೊಂಡು ಹದಿನೈದು ನಿಮಿಷಕ್ಕೆ 250 ಪದದ ಲೆಕ್ಕದಲ್ಲಿ ಬರೆದು, ಆಮೇಲೆ ಡ್ಯೂಟಿಗೆ ಹೋಗುತ್ತಿದ್ದರು. ಇದನ್ನು ಹೇಳಿಕೊಟ್ಟರೆ ಕಾರ್ಯಾಗಾರ ಒಂದೇ ನಿಮಿಷದಲ್ಲಿ ಮುಗಿಯುತ್ತದೆ. ಸಲಕರಣೆ ಒಂದು ಗಡಿಯಾರ, ಅದೂ ಮನೆಯಲ್ಲಿ ಇರುವಂಥದು.

ನಡೆಯುವುದರಿಂದ ಹೊಸ ಯೋಚನೆ ಬರುತ್ತದೆ ಎಂಬುದನ್ನು ನಮ್ಮ ತರಬೇತುದಾರರು ನಮ್ಮನ್ನು ನಲವತ್ತು ನಿಮಿಷ ಕೂರಿಸಿ ವಿವರಿಸಿದರು. ವಿಷಯ ಸುಳ್ಳೇನಲ್ಲ. 2014ರಲ್ಲಿ ಸ್ಟ್ಯಾನ್‌ಫರ್ಡ್‌ನವರು ಪ್ರಯೋಗ ಮಾಡಿ ತೋರಿಸಿದ್ದಾರೆ. ಖಾಲಿ ಗೋಡೆಗೆ ಮುಖ ಮಾಡಿ ಟ್ರೆಡ್‌ಮಿಲ್ ಮೇಲೆ ನಡೆದವರಿಗೂ ಕೂತವರಿಗಿಂತ ಹೆಚ್ಚು ಹೊಳೆದಿತ್ತು. 'ಹಾಗಾದ್ರೆ ಒಂದು ಸುತ್ತು ಹೋಗಿ ಬರೋಣ್ವಾ ಸರ್?' ಎಂದು ಅದೇ ಹಿಂದಿನ ಸಾಲಿನ ಹುಡುಗ ಎದ್ದ. ಹಾಜರಾತಿ ಪುಸ್ತಕ ಬಾಗಿಲಲ್ಲೇ ಇತ್ತು. ಮತ್ತೆ ಕೂರಿಸಲಾಯಿತು.

ನಗುವುದು ಸುಲಭ, ನಾನೂ ಈ ಸಂತೆಯ ಗಿರಾಕಿಯೇ. ಮನೆಯಲ್ಲಿ ಏಳು ಹೊಚ್ಚ ಹೊಸ ನೋಟ್‌ಬುಕ್ಕುಗಳಿವೆ. ಮೊದಲ ಪುಟ ಹಾಳಾಗಬಾರದೆಂದು ಒಂದರಲ್ಲೂ ಏನೂ ಬರೆದಿಲ್ಲ. ಗಮನ ಕೆಡದಂತೆ ಬರೆಯಲು ಒಂದು ಆ್ಯಪ್ ಹಾಕಿಕೊಂಡಿದ್ದೇನೆ, ಅದು ಅರ್ಧ ಗಂಟೆಗೊಮ್ಮೆ ಟಿಂಗ್ ಎಂದು 'ಏಕಾಗ್ರತೆಯಿಂದಿರಿ' ಎನ್ನುತ್ತದೆ. ಬರೆಯಲು ಸಿದ್ಧವಾಗುವುದರಲ್ಲಿ ನನ್ನಷ್ಟು ಪಳಗಿದವರು ಕಡಿಮೆ.

ಕಾರ್ಯಾಗಾರ ಮುಗಿಯಿತು. ಎಲ್ಲರಿಗೂ ಪ್ರಮಾಣಪತ್ರ ಸಿಕ್ಕಿತು, ಹೆಸರಿನ ಜಾಗ ಖಾಲಿ, ನಾವೇ ತುಂಬಿಕೊಳ್ಳಬೇಕು. ಹೊರಡುವಾಗ ಸಾಹೇಬರು ಹೆಗಲ ಮೇಲೆ ಕೈಯಿಟ್ಟು, 'ನೀವು ಬರೀತೀರಲ್ಲ, ಇವತ್ತಿನದಕ್ಕೆ ಎರಡು ಪುಟದ ವರದಿ ಮಾಡಿ ಕಳ್ಸಿಬಿಡಿ' ಎಂದರು.

ಮೂರು ದಿನ ಕೂತೆ. ನಡೆದೆ. ಸೇಬು ಕೊಳೆಯಲಿ ಎಂದು ಕಾದೆ. ನಾಲ್ಕನೇ ದಿನ ಡೆನಿಸ್ ಅಪ್ಪರ್ ನೆನಪಾದರು. 1974ರಲ್ಲಿ ಈ ಮನೋವಿಜ್ಞಾನಿ, ಬರೆಯಲಾಗದ ಸ್ಥಿತಿಗೆ ತಾನೇ ಮಾಡಿಕೊಂಡ ವಿಫಲ ಚಿಕಿತ್ಸೆ ಎಂಬರ್ಥದ ಶೀರ್ಷಿಕೆ ಕೊಟ್ಟು ಒಂದು ಪ್ರಬಂಧ ಪ್ರಕಟಿಸಿದರು. ಶೀರ್ಷಿಕೆಯ ಕೆಳಗೆ ಒಂದಕ್ಷರವೂ ಇರಲಿಲ್ಲ. ನಿಂಬೆರಸ, ಎಕ್ಸ್‌ರೇ ಎರಡರಿಂದಲೂ ಪರೀಕ್ಷಿಸಿದೆ, ಒಂದು ದೋಷವೂ ಸಿಗಲಿಲ್ಲ ಎಂದು ವಿಮರ್ಶಕರು ಷರಾ ಬರೆದರು. ಗಂಭೀರ ವಿಜ್ಞಾನ ಪತ್ರಿಕೆಯೊಂದು ಇಡಿಯಾಗಿ ಅಚ್ಚು ಹಾಕಿತು.

ನನಗೂ ಧೈರ್ಯ ಬಂತು. 'ಕಾರ್ಯಾಗಾರದ ವರದಿ' ಎಂದು ತಲೆಬರಹ ಕೊಟ್ಟು, ಕೆಳಗೆ ಎರಡು ಖಾಲಿ ಪುಟ ಇಟ್ಟು ಸಾಹೇಬರಿಗೆ ಮೇಲ್ ಮಾಡಿದೆ. ಐದೇ ನಿಮಿಷದಲ್ಲಿ ಉತ್ತರ ಬಂತು: 'ಪೂರ್ತಿ ಓದಿದೆ. ಚೆನ್ನಾಗಿ ಬಂದಿದೆ. ಎರಡನೇ ಪುಟ ಸ್ವಲ್ಪ ಉದ್ದ ಆಯಿತೇನೋ, ನೋಡಿ.'