ಮಗುವಿನ ರೋಗನಿರೋಧಕ ಶಕ್ತಿ ಬರೀ ತಾಯಿಯದ್ದಾ?

ಕಲಬುರಗಿ, ಯಾದಗಿರಿ ಕಡೆಯ ಮನೆಮಂದಿಯ ವಾಟ್ಸಾಪ್ ಗುಂಪುಗಳಲ್ಲಿ ಬಿಳಿ ಇಲಿಯ ಚಿತ್ರದ ಒಂದು ಸಂದೇಶ ಆಗಾಗ ಬರುತ್ತಿರುತ್ತದೆ. ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾ ತಾಯಿಯಿಂದ ಬರುವುದರಿಂದ ಮಗುವಿನ ರೋಗನಿರೋಧಕ ಶಕ್ತಿಯೂ ಪೂರ್ತಿ ತಾಯಿಯದ್ದೇ ಎಂಬುದು ಅದರ ಸಾರ.

ಮೊದಲ ಅರ್ಧ ಸರಿ. ಮೈಟೊಕಾಂಡ್ರಿಯಾ ಇಲಿಯಲ್ಲೂ ನಮ್ಮಲ್ಲೂ ತಾಯಿಯ ಅಂಡಾಣುವಿನಿಂದ ಬರುತ್ತದೆ. ವೀರ್ಯಾಣುವಿನ ಜೊತೆ ಬಂದದ್ದು ಸಾಮಾನ್ಯವಾಗಿ ಉಳಿಯುವುದಿಲ್ಲ. ಎರಡನೇ ಅರ್ಧ ತಪ್ಪು. ಮೈಟೊಕಾಂಡ್ರಿಯಾದ ಡಿಎನ್‌ಎಯಲ್ಲಿ ಇರುವುದು 37 ಜೀನ್ ಅಷ್ಟೇ. ಕೋಶಕೇಂದ್ರದಲ್ಲಿ ಪ್ರೋಟೀನ್ ತಯಾರಿಸುವ ಜೀನ್‌ಗಳೇ ಸುಮಾರು 20,000. ರೋಗಾಣುವನ್ನು ಗುರುತು ಹಿಡಿಯಲು ನೆರವಾಗುವ ಎಚ್‌ಎಲ್‌ಎ ಜೀನ್‌ಗಳು ಈ ಕೋಶಕೇಂದ್ರದೊಳಗಿನ 6ನೇ ಕ್ರೋಮೋಸೋಮ್‌ನಲ್ಲಿವೆ. ಅವುಗಳ ಒಂದು ಪ್ರತಿ ಅವ್ವನದು, ಇನ್ನೊಂದು ಅಪ್ಪನದು.

ಬಸುರಿಯ ಮೈಯಲ್ಲಿ ರೋಗಾಣುಗಳ ವಿರುದ್ಧ ಹೋರಾಡುವ ಪ್ರತಿಕಾಯಗಳು ಮಾಸಿನ ಮೂಲಕ ಮಗುವಿಗೆ ಸೇರುವುದು ನಿಜ. ಆದರೆ ಅವು ಕೆಲವು ತಿಂಗಳಲ್ಲಿ ಕಡಿಮೆಯಾಗುತ್ತವೆ. ಲಸಿಕೆ ತಪ್ಪಿಸಬಾರದು ಅನ್ನುವುದು ಅದಕ್ಕೇ. ಮಗುವಿಗೆ ಪದೇ ಪದೇ ನೆಗಡಿ, ಜ್ವರ ಬಂದರೆ ಸೊಸೆಯನ್ನೇ ದೂರುವುದಕ್ಕೆ ಈ ಸಂದೇಶ ನೆಪವಾಗಬಾರದು. ಅದು ಅನ್ಯಾಯ.

ಹಾಗಂತ ಇಲಿಯ ಮೇಲಿನ ಪ್ರಯೋಗಗಳಿಗೆ ಬೆಲೆ ಇಲ್ಲವೆಂದಲ್ಲ. ಒಂದು ತಳಿಯ ಇಲಿಗೆ ಬೇರೆ ತಳಿಯ ಮೈಟೊಕಾಂಡ್ರಿಯಾ ಬರುವ ಹಾಗೆ ತಲೆಮಾರುಗಟ್ಟಲೆ ಕೂಡಿಸಿ, ಏನು ಬದಲಾಗುತ್ತದೆ ಎಂದು ನೋಡುತ್ತಾರೆ. ಇಂಥ ಪ್ರಯೋಗದಲ್ಲಿ ವ್ಯತ್ಯಾಸ ಕಂಡರೆ ಮೈಟೊಕಾಂಡ್ರಿಯಾದ ಪ್ರಭಾವ ಇದೆ ಅನ್ನಬಹುದು. ಎಲ್ಲವೂ ಅದರಿಂದಲೇ ಅನ್ನಲಾಗದು, ಅಲ್ವಾ?

ಇಂಥ ಸಂದೇಶ ಬಂದಾಗ ಮೊದಲು ಸಂಶೋಧನೆಯ ಹೆಸರು, ವರ್ಷ ಇದೆಯಾ ನೋಡಿ. ಇದ್ದರೆ ವೈದ್ಯಕೀಯ ಸಂಶೋಧನಾ ಲೇಖನಗಳ ಜಾಲತಾಣವಾದ ಪಬ್‌ಮೆಡ್‌ನಲ್ಲಿ ಹುಡುಕಿ, ಸಾರಾಂಶ ಉಚಿತವಾಗಿ ಸಿಗುತ್ತದೆ. ಪ್ರಯೋಗ ಇಲಿಯ ಮೇಲೋ, ಮನುಷ್ಯರ ಮೇಲೋ ಅಲ್ಲೇ ಗೊತ್ತಾಗುತ್ತದೆ. ಇಂಗ್ಲಿಷ್ ಕಷ್ಟವಾದರೆ ಲಸಿಕೆ ಹಾಕಿಸಲು ಹೋದಾಗ ಡಾಕ್ಟರಿಗೆ ಆ ಸಂದೇಶವನ್ನೇ ತೋರಿಸಿ ಕೇಳಿ.