ಕೂಸು ಕಾಯೋಕೆ ಸಂಶೋಧನೆ ಬೇಕಾ?

ಪ್ರಶ್ನೆ ಇಷ್ಟೇ: ದುಡಿದು ತಿನ್ನುವ ಬಡ ಕುಟುಂಬಗಳ ಮಕ್ಕಳನ್ನು ಹಗಲು ಹೊತ್ತು ನೋಡಿಕೊಳ್ಳಲು ಸರ್ಕಾರ ನೀತಿ ಮಾಡುವಾಗ, ಮೊದಲು ಸಂಶೋಧನೆ ಆಗಬೇಕೋ, ಬೇಡವೋ? ಬರೆದವರು ಇಬ್ಬರು, ಇಬ್ಬರೂ ಪುಣೆಯ ಕನ್ನಡಿಗರು. ಒಬ್ಬರು ವಿಜಯಪುರ ಕಡೆಯ ಹುಡುಗ, ಸರ್ವೆ ಕೆಲಸ. ಇನ್ನೊಬ್ಬರು ಧಾರವಾಡದವರು. ಕಟ್ಟಡ ಸೈಟುಗಳ ಪಾಳಣಾಘರದಲ್ಲಿ (ಶಿಶುಪಾಲನಾ ಕೇಂದ್ರಕ್ಕೆ ಮರಾಠಿ ಹೆಸರು) ವರ್ಷಗಟ್ಟಲೆ ಮಕ್ಕಳನ್ನು ಆಡಿಸಿದವರು. ಕ್ಯಾಂಪಿನ ಜನ ಅವರನ್ನು ಅಕ್ಕೋರು ಅಂತಲೇ ಕರೆಯುತ್ತಾರೆ.

ಪರ: ಪ್ರಶ್ನೆ ಸರಿಯಾಗಿ ಕೇಳೋಣ

ಮೊದಲು ನಾನು ಮಾಡಿದ ಒಂದು ಎಡವಟ್ಟು ಹೇಳಿಬಿಡುತ್ತೇನೆ.

ಪುಣೆಯ ಐಟಿ ಕಂಪನಿಗಳ ಹಿಂಜವಡಿ ಆಚೆ ಒಂದು ಲೇಬರ್ ಕ್ಯಾಂಪ್. ಸಾಲಾಗಿ ಪತ್ರಾ ಶೆಡ್‌ಗಳು, ಅಂದರೆ ತಗಡಿನವು. ಕಲಬುರಗಿ, ಯಾದಗಿರಿ, ವಿಜಯಪುರದ ಜನ ಅಲ್ಲಿ ಜಾಸ್ತಿ. ಒಂದು ಸಂಸ್ಥೆಯ ಸರ್ವೆ ನಡೆದಿತ್ತು. ಫಾರ್ಮ್ ಮರಾಠಿಯಲ್ಲಿತ್ತು. ಅದನ್ನು ಕನ್ನಡದಲ್ಲಿ ಕೇಳಿ ತುಂಬುವುದು ನನ್ನ ಕೆಲಸ. ಅದರಲ್ಲಿ ಒಂದು ಪ್ರಶ್ನೆ: ಮಗುವಿಗೆ ಪಾಳಣಾಘರದ ಸೌಲಭ್ಯ ಇದೆಯೇ? ಹೌದು, ಇಲ್ಲ. ಇಷ್ಟು ವರ್ಷ ಪುಣೆಯಲ್ಲಿದ್ದು ನನಗೆ ಆ ಪದ ಬಾಯಿಪಾಠ. ಹಾಗೇ ಕೇಳಿದೆ. ಆ ತಾಯಿ ಇಟ್ಟಿಗೆ ಬುಟ್ಟಿ ಕೆಳಗಿಟ್ಟು ಕೈ ತೋರಿಸಿದಳು.

“ಪಾಳಣಾ ಐತ್ರೀ ಸರ. ಸೀರಿ ಕಟ್ಟೇನಿ ನೋಡ್ರಿ, ಅಲ್ಲಿ.”

ಸೆಂಟ್ರಿಂಗ್ ಕಂಬಕ್ಕೆ ಹಳೆ ಸೀರೆಯ ಜೋಲಿ. ಒಳಗೆ ಕೂಸು. ಪಾಳಣಾ ಅಂದರೆ ತೊಟ್ಟಿಲು, ಅವಳು ಹೇಳಿದ್ದು ಸುಳ್ಳೇನಲ್ಲ. ನಾನು ‘ಹೌದು’ಗೆ ಟಿಕ್ ಹಾಕಿ ಮುಂದಿನ ಶೆಡ್‌ಗೆ ಹೋದೆ. ಸಂಜೆ ಹೊತ್ತಿಗೆ ಅಂಥ ಟಿಕ್‌ಗಳು ಎಷ್ಟೋ ಆಗಿದ್ದವು. ಕಾಗದದ ಮೇಲೆ ಆ ಕ್ಯಾಂಪಿನ ಮಕ್ಕಳೆಲ್ಲ ಸುಖವಾಗಿದ್ದರು.

ಕೆಟ್ಟ ಸಂಶೋಧನೆ ಅಂದರೆ ಇದೇ. ಆದರೆ ಕಥೆ ಇಲ್ಲಿಗೆ ಮುಗಿಯಲಿಲ್ಲ. ತಪ್ಪು ತಿಳಿದ ಮೇಲೆ ಪ್ರಶ್ನೆಯನ್ನೇ ಬದಲಾಯಿಸಿದೆವು. “ನಿನ್ನೆ ಮುಂಜಾನೆ ಒಂಬತ್ತರಿಂದ ಸಂಜೆ ಆರರ ತನಕ ಕೂಸು ಯಾರ ಹತ್ತಿರ ಇತ್ತು?” ತಾಸಿನ ಲೆಕ್ಕದಲ್ಲಿ ಕೇಳುತ್ತಾ ಹೋದೆವು. ಆಗ ಬಂತು ನೋಡಿ ಉತ್ತರ: “ದೊಡ್ಡಾಕಿ ಹತ್ರ.” ದೊಡ್ಡಾಕಿ ಅಂದರೆ ಎಂಟು ವರ್ಷದ ಹುಡುಗಿ. ಅವಳ ಶಾಲೆ? “ಸಾಲಿ ಊರಾಗ ಐತ್ರಿ.” ಹೆಸರು ಊರಿನ ಶಾಲೆಯ ಹಾಜರಿಯಲ್ಲಿ, ಹುಡುಗಿ ಇಲ್ಲಿ ತಮ್ಮನನ್ನು ಸೊಂಟದ ಮೇಲೆ ಎತ್ತಿಕೊಂಡು. ಕೂಸಿನ ಬಗ್ಗೆ ಕೇಳಲು ಹೋಗಿ ಇನ್ನೊಂದು ಮಗುವಿನ ಕಥೆಯೂ ಸಿಕ್ಕಿತು. ಪಾಳಣಾಘರ ಇಲ್ಲದಿದ್ದರೆ ಶಾಲೆ ಬಿಡುವವಳು ಅಕ್ಕ. ಇದು ಯಾವ ಇಲಾಖೆಯ ಫೈಲಿನಲ್ಲಿದೆ? ಮಕ್ಕಳ ಇಲಾಖೆ ಬೇರೆ, ಶಾಲಾ ಇಲಾಖೆ ಬೇರೆ, ಕಾರ್ಮಿಕ ಇಲಾಖೆ ಇನ್ನೂ ಬೇರೆ.

ನೀತಿಯಲ್ಲಿ ಗಂಟೆಗಳ ಲೆಕ್ಕವೇ ದೊಡ್ಡದು. ಅಂಗನವಾಡಿ ಮೂರರಿಂದ ಆರು ವರ್ಷದವರಿಗೆ, ಅದೂ ದಿನಕ್ಕೆ ಕೆಲವೇ ತಾಸು. ಮೂರರ ಒಳಗಿನವರಿಗೆ ಮನೆಗೆ ಒಯ್ಯುವ ಆಹಾರದ ಪೊಟ್ಟಣ ಸಿಗುತ್ತದೆ, ಮಲಗಿಸಲು ಜಾಗ ಸಿಗುವುದಿಲ್ಲ. ಕೇಂದ್ರದ ಶಿಶುಪಾಲನಾ ಯೋಜನೆ ಇದೆ. 2006ರಲ್ಲಿ ರಾಜೀವ್ ಗಾಂಧಿ ಹೆಸರಲ್ಲಿ ಬಂತು, 2022ರಲ್ಲಿ ‘ಪಾಲನಾ’ ಆಯ್ತು. ಆ ಕೇಂದ್ರಗಳಿಗೆ ತಿಂಗಳಿಗೆ 26 ದಿನ, ದಿನಕ್ಕೆ ಏಳೂವರೆ ತಾಸು ಅಂತ ಇಟ್ಟರು. ಸೈಟಿನ ಹಾಜರಿ ಒಂಬತ್ತು ತಾಸು. ಸ್ಲ್ಯಾಬ್ ಹಾಕುವ ದಿನ ರಾತ್ರಿ ಹತ್ತೂ ಆಗುತ್ತದೆ. ಏಳೂವರೆ ತಾಸಿನ ಕೇಂದ್ರ ಒಂಬತ್ತು ತಾಸಿನ ತಾಯಿಗೆ ಅರ್ಧಂಬರ್ಧ ಉಪಯೋಗ. ಆ ಉಳಿದ ಒಂದೂವರೆ ತಾಸಿಗಾಗಿ ಅಕ್ಕ ಇಡೀ ದಿನ ಮನೆಯಲ್ಲೇ ಉಳಿಯುತ್ತಾಳೆ. ಎಣಿಸದೆ ಇದು ಕಾಣುವುದಿಲ್ಲ.

ದೇಶದ ಮಟ್ಟದಲ್ಲಿ ಒಮ್ಮೆ ಹೀಗೆ ಎಣಿಸಿದರು. 2019ರ ಸಮಯ ಬಳಕೆ ಸಮೀಕ್ಷೆ. ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಆಗ ದಿನಕ್ಕೆ 299 ನಿಮಿಷ ಅದಕ್ಕೆ ಕೊಡುತ್ತಿದ್ದರು. ಆ ಕೆಲಸಕ್ಕೆ ಕೈ ಹಾಕುವ ಗಂಡಸರು 97 ನಿಮಿಷ. ನಮ್ಮವ್ವನಿಗೆ ಹೇಳಿದರೆ ನಕ್ಕಾಳು, ಇದಕ್ಕೂ ಸರ್ವೆನಾ ಅಂತ. ಆದರೆ ಅಧಿಕಾರಿಯ ಮುಂದೆ ಕೂತಾಗ ಅವ್ವನ ನಗು ನಡೆಯುವುದಿಲ್ಲ, 299 ನಡೆಯುತ್ತದೆ.

ನನಗೆ ತುಂಬಾ ಇಷ್ಟವಾದ ಅಧ್ಯಯನ ತಮಿಳುನಾಡಿನದು. 320 ಅಂಗನವಾಡಿಗಳನ್ನು ತೆಗೆದುಕೊಂಡರು. ಚೀಟಿ ಎತ್ತಿದ ಹಾಗೆ ಅರ್ಧದಷ್ಟನ್ನು ಆರಿಸಿ, ಅಲ್ಲಿಗೆ ಅರ್ಧ ದಿನದ ಒಬ್ಬ ಹೆಚ್ಚುವರಿ ಕಾರ್ಯಕರ್ತೆಯನ್ನು ಕೊಟ್ಟರು. ಬೇರೇನೂ ಬದಲಾಯಿಸಲಿಲ್ಲ. ಹೊಸಬಳು ಮಕ್ಕಳಿಗೆ ಕಲಿಸಿದಳು, ಹಳಬಳಿಗೆ ತೂಕ, ಊಟ, ರಿಜಿಸ್ಟರ್‌ಗೆ ಪುರಸೊತ್ತು ಸಿಕ್ಕಿತು. ಕಲಿಸುವ ಸಮಯ ದುಪ್ಪಟ್ಟಾಯ್ತು. ಒಂದೂವರೆ ವರ್ಷದಲ್ಲಿ ಮಕ್ಕಳ ಲೆಕ್ಕ, ಭಾಷೆ ಎರಡೂ ಸುಧಾರಿಸಿದವು, ಕುಂಠಿತ ಬೆಳವಣಿಗೆಯೂ ಕಡಿಮೆಯಾಯ್ತು. ದುಡ್ಡನ್ನು ಬಣ್ಣದ ಗೋಡೆಗೆ ಹಾಕಬೇಕೋ, ಟ್ಯಾಬ್‌ಗೆ ಹಾಕಬೇಕೋ, ಇನ್ನೊಬ್ಬ ಅಕ್ಕನಿಗೆ ಕೊಡಬೇಕೋ ಅಂತ ಯಾರಾದರೂ ಕೇಳಿದರೆ ಈಗ ನನ್ನ ಹತ್ತಿರ ಉತ್ತರ ಇದೆ.

ಉಲ್ಟಾ ಉದಾಹರಣೆಯೂ ಉಂಟು. ಕೆನಡಾದ ಕ್ವಿಬೆಕ್‌ನಲ್ಲಿ 1997ರಲ್ಲಿ ದಿನಕ್ಕೆ 5 ಡಾಲರ್‌ಗೆ ಮಕ್ಕಳ ಪಾಲನೆ ಶುರು ಮಾಡಿದರು. ಕೆಲಸಕ್ಕೆ ಹೋಗುವ ತಾಯಂದಿರು ಹೆಚ್ಚಿದರು. ಆದರೆ ಮಕ್ಕಳಲ್ಲಿ ಆತಂಕ, ಜಗಳಗಂಟತನ ಹೆಚ್ಚಿದ್ದನ್ನು ಅರ್ಥಶಾಸ್ತ್ರಜ್ಞರು ದಾಖಲಿಸಿದರು. ಅಮೆರಿಕದ ಟೆನೆಸಿಯಲ್ಲೂ ಹಾಗೇ. ಸರ್ಕಾರಿ ಶಿಶುವಿಹಾರಕ್ಕೆ ಹೋದ ಬಡ ಮಕ್ಕಳು ಆರನೇ ತರಗತಿ ಹೊತ್ತಿಗೆ ಹೋಗದವರಿಗಿಂತ ಹಿಂದೆ ಬಿದ್ದಿದ್ದರು. ಬಾಗಿಲು ತೆರೆದರೆ ಸಾಕು, ಒಳ್ಳೆಯದಾಗುತ್ತದೆ ಅನ್ನುವುದು ಬರೀ ನಂಬಿಕೆ. ಕರ್ನಾಟಕ 2023ರ ಬಜೆಟ್‌ನಲ್ಲಿ 4,000 ಶಿಶುಪಾಲನಾ ಕೇಂದ್ರಗಳನ್ನು ‘ಕೂಸಿನ ಮನೆ’ ಅಂತ ಘೋಷಿಸಿತು. ಹೆಸರು ಕೇಳಿದರೇ ಖುಷಿ. ಒಳಗೆ ಎಷ್ಟು ಕೂಸುಗಳಿಗೆ ಎಷ್ಟು ಕೈಗಳಿವೆ, ಎಷ್ಟು ಹೊತ್ತು ತೆರೆದಿರುತ್ತವೆ ಅಂತ ನೋಡಿ ಬರೆಯುವವರು ಬೇಕಲ್ವಾ?

ಅಕ್ಕೋರು ಏನು ಹೇಳುತ್ತಾರೆ ಅಂತ ಗೊತ್ತು. “ಇದನ್ನೆಲ್ಲ ನನ್ನ ಕೇಳಿದ್ರ ಹೇಳತಿದ್ನೆಲ್ಲೋ ತಮ್ಮಾ.” ನಿಜ, ಹೇಳುತ್ತಿದ್ದಿರಿ. ಆದರೆ ಅಕ್ಕೋರೇ, ನೀವು ಒಬ್ಬರೇ. ನೀವಿಲ್ಲದ ಸೈಟುಗಳ ಗತಿ?

ವಿರೋಧ: ಕೂಸು ಅಳುತ್ತಿದೆ, ಮೊದಲು ಎತ್ತಿಕೊಳ್ಳಿ

ತಮ್ಮ ಬರೆದದ್ದನ್ನು ಎರಡು ಸಲ ಓದಿದೆ. ಸೀರೆ ಜೋಲಿಯ ಕಥೆಗೆ ನಕ್ಕೆ. ಆಮೇಲೆ ಸಿಟ್ಟೂ ಬಂತು. ಕಂಬಕ್ಕೆ ಯಾಕೆ ಕಟ್ಟುತ್ತಾರೆ ಅಂತ ನೀ ಕೇಳಲೇ ಇಲ್ಲ. ಶೆಡ್ಡಿನೊಳಗೆ ಕಟ್ಟಬಹುದಲ್ಲ? ಪತ್ರಾ ಕಾಯ್ದು ಮಧ್ಯಾಹ್ನಕ್ಕೆ ಒಲೆಯಾಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಕೆಲಸ ಮಾಡುತ್ತಾ ತಲೆ ಎತ್ತಿದರೆ ಕೂಸು ಕಣ್ಣಿಗೆ ಬೀಳಬೇಕು. ಧೂಳು, ಬೀಳುವ ಕಲ್ಲು, ಹಿಂದಕ್ಕೆ ಬರುವ ಮಿಕ್ಸರ್ ಗಾಡಿ, ಇದೆಲ್ಲ ಆ ತಾಯಿಗೂ ಗೊತ್ತು. ಅವಳಿಗೆ ಬೇರೆ ದಾರಿಯಿಲ್ಲ, ಅಷ್ಟೇ.

ಸಂಶೋಧನೆಯ ಮೇಲೆ ನನಗೇನು ಹಗೆಯಿಲ್ಲ. ‘ಮೊದಲು’ ಅನ್ನುವ ಪದದ ಮೇಲೆ ಹಗೆ.

ಕಾನೂನು ನೋಡು. 1996ರ ಕಟ್ಟಡ ಕಾರ್ಮಿಕರ ಕಾಯ್ದೆಯಲ್ಲೇ ಇತ್ತು: 50ಕ್ಕಿಂತ ಜಾಸ್ತಿ ಹೆಣ್ಣಾಳುಗಳಿರುವ ಕಡೆ ಆರು ವರ್ಷದೊಳಗಿನ ಮಕ್ಕಳಿಗೆ ಕೋಣೆ ಕೊಡಬೇಕು. ಅದೇ ವರ್ಷದ ಇನ್ನೊಂದು ಕಾಯ್ದೆಯ ಪ್ರಕಾರ ಕಟ್ಟಡದ ಖರ್ಚಿನ ಮೇಲೆ ಶೇ 1ರಷ್ಟು ಸೆಸ್ ಅನ್ನುವ ತೆರಿಗೆ ಬರುತ್ತಿತ್ತು, ಕಾರ್ಮಿಕರ ಹೆಸರಲ್ಲಿ. ಕಾನೂನೂ ಇತ್ತು, ದುಡ್ಡೂ ಇತ್ತು. ಇಲ್ಲದ್ದು ಸೈಟಿಗೆ ಬಂದು ನೋಡುವ ಇನ್‌ಸ್ಪೆಕ್ಟರ್. ಯಾವ ಸರ್ವೆ ಮಾಡಿದರೆ ಅವನು ಬರುತ್ತಾನೆ?

ಆ 50ರ ಲೆಕ್ಕ ಹೇಗೆ ತಪ್ಪಿಸುತ್ತಾರೆ ಅಂತ ನಾನು ಕಣ್ಣಾರೆ ಕಂಡಿದ್ದೇನೆ. ಒಂದೇ ಸೈಟು, ಆಳುಗಳನ್ನು ತರುವ ಮುಕಾದಮರು ನಾಲ್ವರು. ಪ್ರತಿಯೊಬ್ಬನ ಹತ್ತಿರ ಹದಿನೈದೋ ಇಪ್ಪತ್ತೋ ಹೆಂಗಸರು. ಒಬ್ಬನಿಗೂ 50 ದಾಟುವುದಿಲ್ಲ. ಇನ್ನು ಮಸ್ಟರ್, ಅಂದರೆ ಹಾಜರಿ ಪಟ್ಟಿ, ತೆಗೆದರೆ ಗಂಡನ ಹೆಸರು ಮಾತ್ರ. ಹಾಜರಿ ಜೋಡಿಯದು, ಹೆಬ್ಬೆಟ್ಟು ಒಬ್ಬನದು. ಹೆಂಗಸು ಕಾಗದದಲ್ಲಿ ಇಲ್ಲವೇ ಇಲ್ಲ, ಮತ್ತೆ ಅವಳ ಕೂಸು ಎಲ್ಲಿಂದ ಬರಬೇಕು? 2020ರ ಹೊಸ ಕಾರ್ಮಿಕ ಸಂಹಿತೆಯಲ್ಲಿ ‘ಹೆಣ್ಣಾಳು’ ತೆಗೆದು ‘50ಕ್ಕಿಂತ ಹೆಚ್ಚು ಕೆಲಸಗಾರರು’ ಅಂತ ಮಾಡಿದರು. ಒಳ್ಳೇದೇ ಆಯ್ತು. ಕೂಸು ಅಪ್ಪನದೂ ಹೌದು ಅಂತ ಒಪ್ಪಿಕೊಂಡ ಹಾಗಾಯ್ತು. ಅದಕ್ಕೆ ಚೀಟಿ ಎತ್ತುವ ಪ್ರಯೋಗವೇನೂ ಬೇಕಾಗಿರಲಿಲ್ಲ.

ಇನ್ನೊಂದು ಮಾತು. 2017ರಲ್ಲಿ ಹೆರಿಗೆ ಸೌಲಭ್ಯದ ಕಾಯ್ದೆ ತಿದ್ದಿದರು. 50 ಜನ ಕೆಲಸಕ್ಕಿರುವ ಕಡೆ ಶಿಶುಪಾಲನಾ ಕೋಣೆ, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗು ನೋಡಬಹುದು. ನಿನ್ನ ಅದೇ ಹಿಂಜವಡಿಯ ಗಾಜಿನ ಕಟ್ಟಡಗಳಿಗೆ ಇದು ಅನ್ವಯ. ಎಸಿ ಕೋಣೆ, ಮೆತ್ತನೆಯ ನೆಲ, ಕ್ಯಾಮೆರಾ. ಆ ಮಕ್ಕಳು ಆರನೇ ತರಗತಿಯಲ್ಲಿ ಮುಂದೆ ಬರುತ್ತಾರೋ ಹಿಂದೆ ಬೀಳುತ್ತಾರೋ ಅಂತ ಯಾರಾದರೂ ಪುರಾವೆ ಕೇಳಿದರಾ? ಇಲ್ಲ. ಅಮ್ಮ ಕೆಲಸಕ್ಕೆ ಬರಬೇಕು, ಮಗುವಿಗೆ ಜಾಗ ಬೇಕು, ಮುಗೀತು. ಅದೇ ಕಟ್ಟಡಕ್ಕೆ ಇಟ್ಟಿಗೆ ಹೊತ್ತವಳ ಕೂಸಿನ ಮಾತು ಬಂದಾಗ ಮಾತ್ರ ತೂಕದ ಯಂತ್ರ, ಎತ್ತರ ಅಳೆಯುವ ಪಟ್ಟಿ, ಅರವತ್ತು ಪ್ರಶ್ನೆ.

ಕ್ವಿಬೆಕ್ ಬಗ್ಗೆ ನನಗೆ ಓದಿ ಹೇಳಿದ್ದು ನೀನೇ. ಆ ಮಕ್ಕಳನ್ನು ಯಾರ ಜೊತೆ ಹೋಲಿಸಿದರು? ಬೆಚ್ಚಗಿನ ಮನೆ, ಪಕ್ಕದಲ್ಲಿ ಅಮ್ಮನೋ ಅಜ್ಜಿಯೋ ಇದ್ದವರ ಜೊತೆ. ನಮ್ಮ ಕೂಸಿನ ಇನ್ನೊಂದು ದಾರಿ ಮರಳಿನ ರಾಶಿ. ಅಮೆರಿಕದ ಪೆರಿ ಶಿಶುಶಾಲೆಯ ಮಾತನ್ನೂ ನಿಮ್ಮವರು ಪದೇ ಪದೇ ಎತ್ತುತ್ತಾರೆ. 1960ರ ದಶಕದ ಮಿಶಿಗನ್, ಒಟ್ಟು 123 ಮಕ್ಕಳು, ಅದರಲ್ಲಿ ಶಾಲೆಗೆ ಬಂದವರು 58. ಅವರು ದೊಡ್ಡವರಾಗಿ ಜಾಸ್ತಿ ಸಂಪಾದಿಸಿದರು, ಹಾಕಿದ ಡಾಲರ್ ಇಷ್ಟು ಪಟ್ಟು ವಾಪಸ್ ಬಂತು ಅಂತ ಲೆಕ್ಕ. ಓದಲು ಚೆಂದ. ಆದರೆ ಕೂಸು ಬ್ಯಾಂಕಿನ ಎಫ್‌ಡಿ ಏನು? ನಾಳೆ ಲಾಭ ಬರದಿದ್ದರೆ ಇವತ್ತು ಹಾಲು ಕುಡಿಸಬಾರದಾ?

ಶುರು ಮಾಡಿದವರು ಹೇಗೆ ಶುರು ಮಾಡಿದರು ನೋಡು. 1969ರಲ್ಲಿ ದೆಹಲಿಯ ರಾಜಘಾಟ್ ಬಳಿ, ಗಾಂಧಿ ಶತಮಾನೋತ್ಸವದ ಪ್ರದರ್ಶನಕ್ಕೆ ಕಟ್ಟಡ ಏಳುತ್ತಿತ್ತು. ಮೀರಾ ಮಹಾದೇವನ್ ಅಲ್ಲಿ ಧೂಳಲ್ಲಿ ಬಿದ್ದಿದ್ದ ಕೂಸುಗಳನ್ನು ಕಂಡರು. ಗುಡಾರ ಹಾಕಿಸಿದರು. ಸೈಟುಗಳಲ್ಲಿ ಕೂಸು ನೋಡಿಕೊಳ್ಳುವ ಮೊಬೈಲ್ ಕ್ರೆಶ್ ಸಂಸ್ಥೆ ಹುಟ್ಟಿದ್ದು ಹಾಗೆ. ಮುಂದೆ ಮುಂಬೈಗೂ ಪುಣೆಗೂ ಬಂತು. ಇನ್ನೂ ಹಿಂದಕ್ಕೆ ಹೋದರೆ ತಾರಾಬಾಯಿ ಮೋಡಕ್. 1945ರಲ್ಲಿ ಮುಂಬೈಯಿಂದ ಉತ್ತರಕ್ಕೆ, ಸಮುದ್ರ ದಂಡೆಯ ಬೋರ್ಡಿಯಲ್ಲಿ ಬಾಲವಾಡಿ, ಅಂದರೆ ಪುಟ್ಟ ಮಕ್ಕಳ ಶಾಲೆ, ತೆರೆದರು. ಜೊತೆಗೆ ಅನುತಾಯಿ ವಾಘ್. ಬಡವರ ಮಕ್ಕಳು ಬಾಲವಾಡಿಗೆ ಬರುತ್ತಿರಲಿಲ್ಲ. ಹಾಗಾದರೆ ಬಾಲವಾಡಿಯೇ ಅವರ ಅಂಗಳಕ್ಕೆ ಹೋಗಲಿ ಅಂದರು. ಅಂಗನವಾಡಿ ಅನ್ನುವ ಹೆಸರಿನ ಹಿಂದೆ ಆ ಅಂಗಳ ಇದೆ. 1975ರಲ್ಲಿ ಕೇಂದ್ರ ಸರ್ಕಾರ 33 ಕಡೆ ಅಂಗನವಾಡಿ ಯೋಜನೆ ಶುರು ಮಾಡಿದಾಗ ನಮ್ಮ ಕರ್ನಾಟಕದ ಟಿ. ನರಸೀಪುರವೂ ಅದರಲ್ಲಿತ್ತು.

“ಅಕ್ಕೋರೇ, ತಾರಾಬಾಯಿ ಮಾಡಿದ್ದೂ ಸಂಶೋಧನೆನೇ” ಅಂತೀಯ. ಅನ್ನು. ಆದರೆ ಅವರು ತಪ್ಪು ಕಂಡ ದಿನವೇ ತಿದ್ದಿದರು. ನಿಮ್ಮ ವರದಿ ಬರುವ ಹೊತ್ತಿಗೆ ಕಟ್ಟಡ ಮುಗಿದು, ಶೆಡ್ ಕಿತ್ತು, ಆ ಕೂಸು ಇನ್ನೆಲ್ಲೋ ಇರುತ್ತದೆ.

ತಮಿಳುನಾಡಿನದನ್ನು ಒಪ್ಪುತ್ತೇನೆ, ಅದು ಒಳ್ಳೆ ಕೆಲಸ. ಒಬ್ಬಳ ಕೈಲಿ ಆಗುವುದಿಲ್ಲ, ಇನ್ನೊಬ್ಬಳು ಬೇಕು. ಇದನ್ನು ನಾವು ಮೊದಲಿಂದ ಹೇಳುತ್ತಲೇ ಇದ್ದೆವು. ಒಂದು ಕೈಲಿ ಬಾಟಲಿ, ಇನ್ನೊಂದು ಕೈಲಿ ರಿಜಿಸ್ಟರ್, ಹಿಂದೆ ಯಾರೋ ಉಚ್ಚೆ ಹೊಯ್ದುಕೊಂಡು ಅಳುತ್ತಾ ನಿಂತಿದ್ದಾರೆ. ಈಗ ಪುರಾವೆಯೂ ಸಿಕ್ಕಿತಲ್ಲ, ಮಹಾರಾಷ್ಟ್ರದಲ್ಲಿ ಹಾಗೆ ಎರಡನೆಯವಳನ್ನು ಕೊಡಿಸು ನೋಡೋಣ. ಅಂಗನವಾಡಿ ಸೇವಿಕೆಯರಿಗೆ ಸಂಬಳ ಅನ್ನುವ ಪದವೂ ಇಲ್ಲ, ಮಾನಧನ ಅಂತಾರೆ. ಅದನ್ನು ಹೆಚ್ಚಿಸಿ ಅಂತ 2023ರ ಡಿಸೆಂಬರ್‌ನಲ್ಲಿ ಬೀದಿಗೆ ಇಳಿಯಬೇಕಾಯ್ತು. ಅಂಕಿ ಹಿಡಿದು ಹೋದರೆ ಬಾಗಿಲು ತೆರೆಯುತ್ತದೆ ಅಂತ ನಿನ್ನ ನಂಬಿಕೆ. ನಾ ಕಂಡ ಬಾಗಿಲು ಕೂಗಿದಾಗ ತೆರೆದದ್ದೇ ಹೆಚ್ಚು.

ನಿನ್ನ ಕೊನೆ ಪ್ರಶ್ನೆಗೆ ಉತ್ತರ ಇನ್ನೂ ಹೇಳಿಲ್ಲ. ನಾನಿಲ್ಲದ ಸೈಟುಗಳ ಗತಿ ಏನು ಅಂದೆ. ರಾತ್ರಿ ಅದನ್ನೇ ಯೋಚಿಸಿದೆ, ಸುಳ್ಳು ಯಾಕೆ ಹೇಳಲಿ. ನನ್ನ ಹತ್ತಿರ ಹಳೆ ಸೈಟುಗಳ ಹಾಜರಿ ಪುಸ್ತಕಗಳಿವೆ, ಟ್ರಂಕಿನಲ್ಲಿ. ಮಗುವಿನ ಹೆಸರು, ಊರು, ಬಂದ ತಾರೀಖು, ಬಿಟ್ಟ ತಾರೀಖು. ಕೊನೆಯ ಕಾಲಂನಲ್ಲಿ ಕಾರಣ ಬರೆಯುತ್ತಿದ್ದೆ. ‘ಊರಿಗೆ, ತೊಗರಿ ಕೊಯ್ಲು.’ ‘ವಾಘೋಲಿ ಸೈಟಿಗೆ.’ ‘ಅಕ್ಕ ನೋಡಿಕೊಳ್ಳುತ್ತಾಳೆ.’ ಒಂದು ತಿಂಗಳೂ ನಿಲ್ಲದ ಮಕ್ಕಳೇ ಎಷ್ಟೋ. ಕೆಲವು ಪುಟ ಗೆದ್ದಲು ತಿಂದಿದೆ. ಈ ಭಾನುವಾರ ಬಂದು ತಗೊಂಡು ಹೋಗು. ಜೆರಾಕ್ಸ್ ಮಾಡಿಸಿ ಮೂಲ ಪುಸ್ತಕ ವಾಪಸ್ ಕೊಡಬೇಕು. ಬರುವಾಗ ಆ ತೂಕದ ಯಂತ್ರ ತಾ. ಇಲ್ಲಿಯದು ಕೆಟ್ಟು ಎರಡು ತಿಂಗಳಾಯ್ತು.