ಮನೆ ಒಡೆಯುವ ಮೊದಲು ಒಂದು ಬಾಗಿಲು ಹಾಕಿಸಿ

ಗಂಡ ಹೆಂಡತಿ ನಡುವೆ ವರ್ಷಗಟ್ಟಲೆ ಮುನಿಸು ನಡೆದ ಮನೆಗೆ ನಮ್ಮ ಉತ್ತರ ಕನ್ನಡ ಜಿಲ್ಲೆಯ ಹಿರಿಯರು ಕೊಡುವ ಸಲಹೆ ಒಂದೇ: "ಹಳೇ ಮನೆ ಕೆಡವಿ ಹೊಸದು ಕಟ್ಟಿ, ಎಲ್ಲ ಸರಿ ಆಗ್ತದೆ." ಶಿರಸಿ, ಸಿದ್ದಾಪುರದ ತೋಟದ ಮನೆಗಳಲ್ಲೂ ಇದೇ ಮಾತು, ಕುಮಟಾ, ಅಂಕೋಲಾ, ಕಾರವಾರದಲ್ಲೂ ಇದೇ ಮಾತು. ದಯವಿಟ್ಟು ಇದನ್ನು ಕೇಳಬೇಡಿ. ಮೊದಲೇ ಮನಸ್ತಾಪದಲ್ಲಿರುವ ಇಬ್ಬರ ತಲೆಮೇಲೆ ಎರಡು ವರ್ಷದ ಕಟ್ಟಡದ ಕೆಲಸ, ಇಪ್ಪತ್ತು ವರ್ಷದ ಸಾಲ ಹೊರಿಸಿದರೆ ಜಗಳಕ್ಕೆ ಹೊಸ ವಿಷಯ ಸಿಗುತ್ತದೆ, ಅಷ್ಟೆ. ಹಾಗಂತ ಮನೆಗೂ ಜಗಳಕ್ಕೂ ಸಂಬಂಧ ಇಲ್ಲ ಎಂದಲ್ಲ. ಹಳೆಯ ಮನೆಯಲ್ಲೇ ಮೂರ್ನಾಲ್ಕು ಜಾಗ ಸರಿಮಾಡಿದರೆ ಎಷ್ಟೋ ದಿನನಿತ್ಯದ ಕಿರಿಕಿರಿ ಕಡಿಮೆಯಾಗುತ್ತದೆ. ಯಾವ ಜಾಗ ಎಂದು ಮೊದಲು ಗೊತ್ತಾಗಬೇಕು.

ಹದಿನೈದು ದಿನ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಮಾತಿಗೆ ಮಾತು ಬೆಳೆದದ್ದು ಎಲ್ಲಿ, ಎಷ್ಟು ಹೊತ್ತಿಗೆ, ಇಷ್ಟೇ ಸಾಕು. ಯಾರದ್ದು ತಪ್ಪು ಎಂದು ಬರೆಯಬೇಡಿ. ಬೆಳಗ್ಗೆ ಅಡುಗೆಮನೆ, ಶಾಲೆ ಬಸ್ಸಿನ ಹೊತ್ತಿಗೆ ಬಚ್ಚಲು, ಮಳೆಗಾಲದ ಸಂಜೆ ಒಣಗದ ಬಟ್ಟೆ, ಹೀಗೆ ಒಂದೆರಡು ಕಡೆ ಗುರುತು ಗುಂಪಾಗಿ ಬಿದ್ದರೆ ಅಲ್ಲಿ ಗಾರೆಯವರಿಗೂ ಬಡಗಿಗೂ ಕೆಲಸ ಇದೆ. ಕುಡಿತ, ಸಾಲ, ಅನುಮಾನ ಎಂದು ಎಲ್ಲ ಕಡೆ, ಎಲ್ಲ ಹೊತ್ತಿಗೂ ಗುರುತು ಬಿದ್ದಿದ್ದರೆ ಮನೆಗೆ ಕೈ ಹಚ್ಚಬೇಡಿ. ಅದು ಗೋಡೆಯಿಂದ ಸರಿಹೋಗುವ ವಿಷಯ ಅಲ್ಲ.

ನನ್ನ ಪ್ರಕಾರ ನಮ್ಮ ಜಿಲ್ಲೆಯ ಹಂಚಿನ ಮನೆಗಳ ದೊಡ್ಡ ಕೊರತೆ ಶಬ್ದದ್ದು. ಚಿರೇಕಲ್ಲಿನ ಗೋಡೆ ದಪ್ಪಗೇ ಇರುತ್ತದೆ, ಆದರೆ ಒಳಗಿನ ಅಡ್ಡಗೋಡೆ ತೊಲೆಯ ಮಟ್ಟಕ್ಕೆ ನಿಂತುಬಿಡುತ್ತದೆ. ಅದರ ಮೇಲೆ ಹಂಚಿನವರೆಗೆ ಇಡೀ ಮನೆಗೆ ಒಂದೇ ಗಾಳಿ. ಕೋಣೆಯಲ್ಲಿ ಪಿಸುಗುಟ್ಟಿದ್ದು ಜಗಲಿಗೆ ಕೇಳುತ್ತದೆ, ಜಗಲಿಯ ಕೆಮ್ಮು ಕೋಣೆಗೆ ಕೇಳುತ್ತದೆ. ಮೆತ್ತಿ (ಹಲಗೆಯ ಮಹಡಿ) ಇರುವ ಮನೆಯಲ್ಲಿ ಹಲಗೆಯ ಸಂದಿಯಿಂದ ಮಾತು ನೇರ ಕೆಳಗೆ ಇಳಿಯುತ್ತದೆ. ಇಂಥ ಮನೆಯಲ್ಲಿ ಹೊಸದಾಗಿ ಮದುವೆಯಾದವರು ದುಡ್ಡಿನ ಮಾತು, ಮಗುವಿನ ಮಾತು, ಮೈಯ ಮಾತು ಮೂರನ್ನೂ ಮುಂದಕ್ಕೆ ಹಾಕುತ್ತಾ ಹೋಗುತ್ತಾರೆ. ಮೂರು ವರ್ಷ ಆಡದೆ ಉಳಿದ ಮಾತು ಒಂದು ದಿನ ಎಲ್ಲರ ಎದುರು ಕೂಗಾಗಿ ಬರುತ್ತದೆ.

ಇದಕ್ಕೆ ಹೆಚ್ಚಿನವರು ಮಾಡಿಸುವುದು ಪಿವಿಸಿ ಸೀಲಿಂಗ್. ನೋಡಲು ಚೆಂದ, ಶಬ್ದಕ್ಕೆ ಏನೂ ಪ್ರಯೋಜನ ಇಲ್ಲ. ಶಬ್ದ ತಡೆಯಲು ತೂಕ ಬೇಕು, ಸಂದಿ ಮುಚ್ಚಬೇಕು. ಅಡ್ಡಗೋಡೆಯನ್ನೇ ಹಂಚಿನವರೆಗೆ ಒಯ್ಯಿರಿ. ಆದರೆ ಮಣ್ಣಿನ ಗಾರೆಯ ಹಳೆಯ ಗೋಡೆಯ ಮೇಲೆ ಮತ್ತೆ ಕಲ್ಲು ಹೇರಬೇಡಿ, ಬಿರುಕು ಬಿಡುತ್ತದೆ. ಗೋಡೆಯ ತಲೆಯ ಮೇಲೆ ಎರಡು ಇಂಚಿನ ಚೌಕಟ್ಟು ನಿಲ್ಲಿಸಿ, ಎರಡೂ ಬದಿಗೆ 8 ಮಿಲಿಮೀಟರಿನ ಫೈಬರ್ ಸಿಮೆಂಟ್ ಬೋರ್ಡ್ ಹೊಡೆದು, ನಡುವೆ 50 ಮಿಲಿಮೀಟರ್ ರಾಕ್‌ವೂಲ್ (ಶಬ್ದ ಹೀರುವ ಕಲ್ಲಿನ ನಾರಿನ ಹಾಸು) ತುಂಬಿ. ಜಿಪ್ಸಮ್ ಬೋರ್ಡ್ ಅಗ್ಗ, ಆದರೆ ನಮ್ಮ ಮಳೆಗಾಲದ ತೇವಕ್ಕೆ ಬೂಸ್ಟು ಹಿಡಿದು ಉಬ್ಬುತ್ತದೆ. ಬೋರ್ಡನ್ನು ಹಂಚು ಹೊರುವ ಮರಗಳ, ಅಂದರೆ ಪಕಾಸು, ರೀಪಿನ ಆಕಾರಕ್ಕೆ ಕತ್ತರಿಸಿ, ಹಂಚಿನ ಕೆಳಗೆ ಒಂದು ಇಂಚು ಬಿಟ್ಟು, ಆ ಸಂದಿಗೆ ರಾಕ್‌ವೂಲ್ ತುರುಕಿ. ಹಂಚಿಗೇ ತಾಗಿಸಿ ಗಾರೆ ಮೆತ್ತಿದರೆ ಮುಂದಿನ ವರ್ಷ ಒಡೆದ ಹಂಚು ಬದಲಿಸುವಾಗ ಎಲ್ಲ ಕಿತ್ತುಬರುತ್ತದೆ.

ಇಷ್ಟು ಮಾಡಿಯೂ ಮಾತು ಕೇಳುತ್ತದೆ ಎಂದರೆ ಬಾಗಿಲು ನೋಡಿ. ಒಳಗೆ ಪೊಳ್ಳಿರುವ ತೆಳು ಬಾಗಿಲು ಬೇಡ, ಗಟ್ಟಿ ತಿರುಳಿನ 35 ಮಿಲಿಮೀಟರ್ ಬಾಗಿಲು ಹಾಕಿಸಿ. ಮೂರು ಬದಿಗೆ ರಬ್ಬರ್ ಪಟ್ಟಿ, ಕೆಳಗೆ ಸಂದಿ ಮುಚ್ಚುವ ಪಟ್ಟಿ ಬೇಕು. ಒಂದೇ ಗೋಡೆಯ ಎರಡು ಬದಿಗೆ ಬೆನ್ನಿಗೆ ಬೆನ್ನು ಹಚ್ಚಿ ಸ್ವಿಚ್‌ಬೋರ್ಡ್ ಕೂಡಿಸಿದ್ದರೆ ಒಂದನ್ನು ಒಂದಡಿ ಪಕ್ಕಕ್ಕೆ ಸರಿಸಿ, ಅಲ್ಲಿ ಗೋಡೆಯಲ್ಲಿ ತೂತೇ ಇರುತ್ತದೆ. ಇನ್ನೊಂದು ಮಾತು, ಇದು ಮುಖ್ಯ: ಚಿಲಕ ಒಳಗಿನಿಂದ ಇರಲಿ. ಹಳೆಯ ಕೋಣೆಗಳಿಗೆ ಹೊರಗಿನ ಸರಪಳಿ ಮಾತ್ರ ಇರುತ್ತದೆ. ಅದನ್ನು ತೆಗೆಸಿಬಿಡಿ. ಮನುಷ್ಯರನ್ನು ಹೊರಗಿನಿಂದ ಕೂಡಿಹಾಕಲು ಬರುವ ಕೋಣೆ ಯಾವ ಮನೆಯಲ್ಲೂ ಇರಬಾರದು.

ಅಡುಗೆಮನೆಗೆ ಬನ್ನಿ. ಅತ್ತೆ ಕೂತು ಅಡುಗೆ ಮಾಡಿ ರೂಢಿಯಾದವರು, ಸೊಸೆ ನಿಂತು ಮಾಡುವವಳು, ಇಬ್ಬರಿಗೂ ಒಂದೇ ಕಟ್ಟೆ ಎಂದರೆ ಒಬ್ಬರಿಗೆ ಬೆನ್ನುನೋವು ಖಂಡಿತ. ಕಟ್ಟೆಯ ಎತ್ತರ ಗಾರೆಯವರ ರೂಢಿಯ ಅಳತೆಗೆ ಬಿಡಬೇಡಿ. ಹೆಚ್ಚು ಹೊತ್ತು ಅಡುಗೆ ಮಾಡುವವರು ಮೊಣಕೈ ಮಡಚಿ ನಿಲ್ಲಲಿ, ನೆಲದಿಂದ ಮೊಣಕೈವರೆಗೆ ಅಳೆದು ಅದರಲ್ಲಿ 10ರಿಂದ 15 ಸೆಂಟಿಮೀಟರ್ ಕಳೆಯಿರಿ, ಅದೇ ಎತ್ತರ. ಗಂಡನೂ ಅಡುಗೆ ಮಾಡುವವನಾಗಿದ್ದರೆ (ಮಾಡಲಿ) ಪಾತ್ರೆ ತೊಳೆಯುವ ಭಾಗವನ್ನು ಸ್ವಲ್ಪ ಎತ್ತರಿಸಿ ಕಟ್ಟಬಹುದು. ಕರಾವಳಿಯಲ್ಲಿ ಮೀನು ಹೆರೆಯುವುದಕ್ಕೆ ಹಿತ್ತಲಲ್ಲಿ ಒಂದು ಕಲ್ಲಿನ ಕಟ್ಟೆ, ಮೇಲೊಂದು ಸಣ್ಣ ಮಾಡು, ಒಂದು ನಲ್ಲಿ ಮಾಡಿಕೊಟ್ಟರೆ ಒಳಗಿನ ವಾಸನೆಯ ತಕರಾರೇ ಇಲ್ಲ.

ಕೂಡುಕುಟುಂಬದಲ್ಲಿ ಎರಡನೇ ಒಲೆ ಎಂದರೆ ಹಿಸೆ (ಮನೆ ಪಾಲು) ಆಯಿತು ಎಂದು ಊರೇ ಮಾತಾಡುತ್ತದೆ. ಮಾತಾಡಲಿ. ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಅಡುಗೆಮನೆಗೆ ಕನಿಷ್ಠ 5 ಚದರ ಮೀಟರ್ ಜಾಗ, 1.8 ಮೀಟರ್ ಅಗಲ ಸಾಕು. ಹಿತ್ತಲ ಕಡೆಯ ಉಗ್ರಾಣದಲ್ಲಿ ಇಷ್ಟು ಸಿಗುತ್ತದೆ. ಎರಡು ಒಲೆ ಇಟ್ಟು ಸಿಂಕ್ ಮಾತ್ರ ಒಂದೇ ಇಡುವುದು ಎಲ್ಲರೂ ಮಾಡುವ ತಪ್ಪು. ಜಗಳ ಒಲೆಯಿಂದ ಸಿಂಕಿಗೆ ಸರಿಯುತ್ತದೆ. ನೀರು, ಬಚ್ಚಲಗುಂಡಿಗೆ ಹೋಗುವ ಪೈಪು, ಪಾತ್ರೆಯ ಕಪಾಟು, ಮೂರೂ ಬೇರೆ ಇರಲಿ. ಹಬ್ಬದ ಅಡುಗೆ ಒಟ್ಟಿಗೇ ಆಗಲಿ, ಅದಕ್ಕೆ ಅಡ್ಡಿ ಇಲ್ಲ.

ಬಟ್ಟೆ ಒಣಗಿಸುವ ವಿಷಯ ಸಣ್ಣದು ಅನ್ನಿಸಬಹುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಬಿಸಿಲನ್ನು ನಂಬುವ ಹಾಗಿಲ್ಲ. ಮೊದಲು ಬಚ್ಚಲ ಒಲೆಯ ಮೇಲಿನ ಬೆಚ್ಚನೆ ಜಾಗದಲ್ಲಿ ಬಟ್ಟೆ ಒಣಗುತ್ತಿತ್ತು. ಗೀಸರ್ ಬಂತು, ಆ ಬೆಚ್ಚನೆ ಜಾಗ ಹೋಯಿತು. ಈಗ ಒದ್ದೆ ಬಟ್ಟೆ ಬರುವುದು ಗಂಡ ಹೆಂಡತಿ ಮಲಗುವ ಕೋಣೆಯ ಹಗ್ಗಕ್ಕೆ. ನಾಲ್ಕು ತಿಂಗಳು ಮುಗ್ಗಲು ವಾಸನೆ, ಗೋಡೆಗೆ ಬೂಸ್ಟು. ಮನೆಯ ಬದಿಗೆ 8 ಅಡಿ ಅಗಲ, 12 ಅಡಿ ಉದ್ದದ ಇಳಿಮಾಡು ಮಾಡಿಸಿ, ಮೇಲೆ ಬೆಳಕು ಬಿಡುವ ಪಾಲಿಕಾರ್ಬೊನೇಟ್ ಶೀಟ್ ಹಾಕಿ, ಎರಡು ಬದಿ ಗಾಳಿಗೆ ತೆರೆದಿಡಿ. ಒಂದಡಿ ಅಂತರಕ್ಕೆ ಏಳು ಸಾಲು ಹಗ್ಗ ಕಟ್ಟಿದರೆ ಸುಮಾರು 25 ಮೀಟರ್ ಉದ್ದ ಸಿಗುತ್ತದೆ. ನಾಲ್ಕು ಜನರ ಮನೆಗೆ ಸಾಕು. ಸಮುದ್ರದ ಗಾಳಿ ಬೀಸುವ ಕಡೆ ಕೊಕ್ಕೆ ಸ್ಟೇನ್‌ಲೆಸ್ ಸ್ಟೀಲಿನದ್ದೇ ಇರಲಿ, ಇಲ್ಲವಾದರೆ ಎರಡನೇ ಮಳೆಗಾಲಕ್ಕೆ ಬಟ್ಟೆಗೆಲ್ಲ ತುಕ್ಕಿನ ಕಲೆ.

ಇಷ್ಟೆಲ್ಲ ಆದಮೇಲೂ ಹೊಸ ಮನೆ ಬೇಕೇ ಬೇಕು ಎಂದಾದರೆ ಕಾಲ ನೋಡಿ ಹಿಡಿಯಿರಿ. ದೀಪಾವಳಿ ಮುಗಿದ ಕೂಡಲೇ ಪಾಯ, ಮಿರ್ಗದ ಮಳೆಗೆ ಮೊದಲು, ಅಂದರೆ ಮೇ ಕೊನೆಗೆ, ಮೇಲ್ಛಾವಣಿ ಮುಗಿಯಬೇಕು. ಮುಗಿಯುವುದಿಲ್ಲ ಎಂದು ಮಾರ್ಚಿನಲ್ಲೇ ಗೊತ್ತಾದರೆ ಹಳೆಯ ಮಾಡಿಗೆ ಕೈ ಹಚ್ಚಬೇಡಿ. ಅರ್ಧ ಕೆಡವಿದ ಮನೆಯ ಪಕ್ಕ ಕೊಟ್ಟಿಗೆಯಲ್ಲಿ ಮಳೆಗಾಲ ಕಳೆಯುವುದು ಚೆನ್ನಾಗಿರುವ ಸಂಸಾರಕ್ಕೂ ಕಷ್ಟ. ಕೆಲಸದ ಬದಲಾವಣೆಗೆ ಒಂದು ನೋಟ್‌ಬುಕ್ ಇಟ್ಟು, ಏನು ಬದಲು, ಎಷ್ಟು ಹೆಚ್ಚುವರಿ ಖರ್ಚು ಎಂದು ಬರೆದು ಇಬ್ಬರೂ ಸಹಿ ಹಾಕಿ. ಒಬ್ಬರ ಸಹಿ ಇಲ್ಲದಿದ್ದರೆ ಮೇಸ್ತ್ರಿ ಕೆಲಸ ಮಾಡಕೂಡದು. ಒಟ್ಟು ಹಣದಲ್ಲಿ ಶೇಕಡಾ 5ರಿಂದ 10ರಷ್ಟನ್ನು ಮೊದಲ ಮಳೆಗಾಲ ದಾಟುವವರೆಗೆ ಕೊಡದೆ ಇಟ್ಟುಕೊಳ್ಳಿ, ಇದನ್ನು ಕರಾರಿನಲ್ಲೇ ಬರೆಸಿ. ಸೋರುವುದು ಗೊತ್ತಾಗುವುದು ಆಗಲೇ.

ಸಾಲದ ಕಂತಿನ ಲೆಕ್ಕವೂ ಇಲ್ಲಿ ಬೇರೆ. ಅಡಿಕೆಯವರಿಗೆ ದುಡ್ಡು ಬರುವುದು ಕೊಯ್ಲಾಗಿ ಮಾರಿದ ಮೇಲೆ. ಯಾಂತ್ರಿಕ ದೋಣಿಯವರಿಗೆ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆಯೇ ನಿಷೇಧ. ಕಂತು ಮಾತ್ರ ಪ್ರತಿ ತಿಂಗಳು. ಸಾಲ ತೆಗೆಯುವ ಮೊದಲೇ ಆರು ತಿಂಗಳ ಕಂತಿನಷ್ಟು ಹಣ ಬೇರೆ ಖಾತೆಯಲ್ಲಿ ಇಡಲಾಗದಿದ್ದರೆ ಆ ಸಾಲ ನಿಮಗೆ ದೊಡ್ಡದು ಎಂದೇ ತಿಳಿಯಿರಿ. ಹೆಂಡತಿಯ ಬಂಗಾರ ಅಡ ಇಡುವುದಾದರೆ ಚೀಟಿ ಅವಳ ಹೆಸರಿನಲ್ಲೇ ಇರಲಿ. ತವರಿನಿಂದ ಬಂದ ಬಂಗಾರ ಸ್ತ್ರೀಧನ, ಅವಳೊಬ್ಬಳದ್ದು. ಕಷ್ಟಕ್ಕೆ ಬಳಸಿಕೊಂಡ ಗಂಡ ಅದನ್ನು ತಿರುಗಿ ಕೊಡಬೇಕು ಎಂದು ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಹೇಳಿದೆ.

ಇನ್ನು ಕಾಗದಪತ್ರ. ಜಾಗ ಮಾವನ ಹೆಸರಿನಲ್ಲಿ, ಸಾಲ ಗಂಡ ಹೆಂಡತಿ ಇಬ್ಬರ ಹೆಸರಿನಲ್ಲಿ, ಕಟ್ಟಿದ್ದು ಇಬ್ಬರ ಸಂಬಳದಲ್ಲಿ. ನಮ್ಮಲ್ಲಿ ತೀರ ಸಾಮಾನ್ಯವಾದ ಏರ್ಪಾಡು ಇದು, ತೀರ ಅಪಾಯದ್ದೂ ಇದೇ. ಸಂಬಂಧ ಮುರಿದರೆ ಜಾಗದಲ್ಲಿ ಅವಳ ಹೆಸರಿಲ್ಲ, ಸಾಲದಲ್ಲಿ ಇದೆ. ವಿಚ್ಛೇದನದ ಆದೇಶ ಬಂದರೂ ಬ್ಯಾಂಕಿಗೆ ಇಬ್ಬರೂ ಪೂರ್ತಿ ಸಾಲಕ್ಕೆ ಹೊಣೆ. ಪಾಯ ತೋಡುವ ಮೊದಲೇ ಕಟ್ಟುವಷ್ಟು ಗುಂಟೆಯನ್ನು ದಾನಪತ್ರದಿಂದ ಇಬ್ಬರ ಹೆಸರಿಗೆ ನೋಂದಣಿ ಮಾಡಿಸಿ. ಬರೀ ಬಾಂಡ್ ಪೇಪರಿನ ಒಪ್ಪಂದದಿಂದ ಹಕ್ಕು ಬರುವುದಿಲ್ಲ. ಅರಣ್ಯ ಭೂಮಿಯಲ್ಲಿ ಮನೆ ಇರುವವರು ನಮ್ಮ ಜಿಲ್ಲೆಯಲ್ಲಿ ಬಹಳ. ಅವರು ಒಂದು ವಿಷಯ ತಿಳಿದಿರಲಿ: 2006ರ ಅರಣ್ಯ ಹಕ್ಕು ಕಾಯ್ದೆಯಡಿ ಹಕ್ಕುಪತ್ರ ಸಿಕ್ಕರೆ ಅದು ಗಂಡ ಹೆಂಡತಿ ಇಬ್ಬರ ಹೆಸರಿನಲ್ಲಿ ಜಂಟಿಯಾಗಿಯೇ ಆಗಬೇಕು. ಅದನ್ನು ಮಾರಲು ಬರುವುದಿಲ್ಲ. ಅರ್ಜಿಯಲ್ಲಿ ಹೆಂಡತಿಯ ಹೆಸರು ಬಿಟ್ಟುಹೋಗಿದೆಯೇ ನೋಡಿಕೊಳ್ಳಿ.

ಹಕ್ಕು ಬೇರೆ, ವಾಸ ಬೇರೆ. ಮನೆ ಮಾವನ ಹೆಸರಿನಲ್ಲಿದೆ ಎಂಬ ಒಂದೇ ಕಾರಣಕ್ಕೆ ಸೊಸೆಯನ್ನು ಹೊರಗೆ ಹಾಕಲು ಬರುವುದಿಲ್ಲ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ 17ನೇ ಕಲಂ ಅವಳಿಗೆ ವಾಸದ ಹಕ್ಕು ಕೊಡುತ್ತದೆ. ಗಂಡನ ತಂದೆತಾಯಿಯ ಮನೆಯೂ ಇದರಲ್ಲಿ ಬರಬಹುದು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿತು. ಹಿರಿಯ ನಾಗರಿಕರ ಕಾಯ್ದೆಯನ್ನು ಮುಂದಿಟ್ಟು ಈ ಹಕ್ಕನ್ನು ಅಳಿಸಲಾಗದು ಎಂದೂ ಅದೇ ವರ್ಷ, ಬೆಂಗಳೂರಿನಿಂದ ಹೋದ ಒಂದು ಪ್ರಕರಣದಲ್ಲಿ ಹೇಳಿತು. ಆದರೆ ಇದು ಒಡೆತನ ಅಲ್ಲ.

ಬೇರೆ ಇರಲೇಬೇಕು ಎಂದು ಇಬ್ಬರಿಗೂ ಅನಿಸಿದರೆ ಮಗುವಿನ ಶಾಲೆಗೆ ನಡೆದು ಹೋಗುವ ದೂರದಲ್ಲಿ 11 ತಿಂಗಳ ಕರಾರಿಗೆ ಬಾಡಿಗೆ ಮನೆ ನೋಡಿ. ಬಾಡಿಗೆ ಯಾರು ಕೊಡುವುದು, ಮಗು ಯಾವ ದಿನ ಎಲ್ಲಿ ಎಂದು ಮೊದಲೇ ಬರೆದಿಡಿ. ಬಾಡಿಗೆಗೆ ಹಣ ಇಲ್ಲ, ಊರಿನ ಕಣ್ಣಿಗೂ ಹೆದರಿಕೆ ಎನ್ನುವವರು ಒಂದೇ ಮನೆಯಲ್ಲಿ ಬೇರೆಯಾಗಿ ಇರುತ್ತಾರೆ. ಕಾನೂನು ಇದನ್ನೂ ಒಪ್ಪುತ್ತದೆ. ಗಂಡ ಹೆಂಡತಿಯಂತೆ ಬಾಳದಿದ್ದರೆ ಒಂದೇ ಸೂರಿನಡಿ ಇದ್ದರೂ 'ಪ್ರತ್ಯೇಕ ವಾಸ' ಎಂದೇ ಲೆಕ್ಕ ಎಂದು 1991ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಬೇಕಾದ ಒಂದು ವರ್ಷಕ್ಕೆ ಇದು ಸಲ್ಲುತ್ತದೆ. ಆದರೆ ಪರದೆ ಕಟ್ಟಿ ಭಾಗ ಮಾಡಿದರೆ ಆಗದು. ಹೊರಗಿನಿಂದ ನೇರ ಬರುವ ಬಾಗಿಲು, ಬೇರೆ ಬಚ್ಚಲು, ಬೇರೆ ಒಲೆ, ಸಾಧ್ಯವಾದರೆ ಹೆಸ್ಕಾಂನ (ನಮ್ಮ ಕಡೆಯ ವಿದ್ಯುತ್ ಕಂಪನಿ) ಎರಡನೇ ಮೀಟರ್. ಈ ನಾಲ್ಕು ಇಲ್ಲದಿದ್ದರೆ ದಿನಕ್ಕೆ ಹತ್ತು ಸಲ ಎದುರಾಗುತ್ತೀರಿ.

ಕೈ ಎತ್ತುವ ಮನೆಯಾದರೆ ಮೇಲೆ ಬರೆದ ಬೋರ್ಡು, ಬಾಗಿಲು, ಕಟ್ಟೆ ಯಾವುದೂ ಅನ್ವಯಿಸುವುದಿಲ್ಲ. ಶಬ್ದ ತಡೆಯುವ ಕೆಲಸ ಅಲ್ಲಿ ಮಾಡಿಸಲೇಬೇಡಿ, ಕೂಗಿದರೆ ನೆರೆಯವರಿಗೆ ಕೇಳಬೇಕು. ಜಗಳ ಏರುವಾಗ ಅಡುಗೆಮನೆಯಿಂದ ಹೊರಗೆ ಬನ್ನಿ, ಅಲ್ಲಿ ಕತ್ತಿ ಇದೆ, ಬೆಂಕಿ ಇದೆ. ಕಿಟಕಿಗೆ ಸರಳಿರುವ, ಒಂದೇ ಬಾಗಿಲಿನ ಕೋಣೆಗೂ ಹೋಗಬೇಡಿ. ಜಗಲಿ, ಅಂಗಳದ ಕಡೆ ಇರಿ. ಆಧಾರ್, ಬ್ಯಾಂಕ್ ಪುಸ್ತಕ, ಮಕ್ಕಳ ಜನನ ಪ್ರಮಾಣಪತ್ರ, ಬಂಗಾರದ ಚೀಟಿ, ಒಂದು ಜೊತೆ ಬಟ್ಟೆಯ ಚೀಲ ನಂಬಿಕೆಯ ಮನೆಯಲ್ಲಿ ಇಟ್ಟಿರಲಿ. ತುರ್ತಿಗೆ 112, ಮಹಿಳಾ ಸಹಾಯವಾಣಿ 181, ಉಚಿತ ಕಾನೂನು ನೆರವಿಗೆ 15100. ಆದಾಯ ಎಷ್ಟೇ ಇರಲಿ, ಮಹಿಳೆಗೆ ವಕೀಲರ ನೆರವು ಉಚಿತ. ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ನಮ್ಮ ರಾಜ್ಯದಲ್ಲಿ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ ಸಂರಕ್ಷಣಾಧಿಕಾರಿ. ದೂರು ಬರೆದುಕೊಂಡು ಮ್ಯಾಜಿಸ್ಟ್ರೇಟರಿಗೆ ಕಳಿಸುವುದು ಅವರ ಕೆಲಸ. ಗಂಡನೇ ಮನೆಯಿಂದ ಹೊರಗಿರಬೇಕು ಅಥವಾ ಬೇರೆ ಮನೆಯ ಬಾಡಿಗೆ ಕೊಡಬೇಕು ಎಂದು ಮ್ಯಾಜಿಸ್ಟ್ರೇಟರು ಅದೇ ಕಾಯ್ದೆಯ 19ನೇ ಕಲಂನಡಿ ಆದೇಶ ಮಾಡಬಹುದು.

ಘಟ್ಟದ ಮೇಲಿನ ಒಂಟಿ ಮನೆಗಳಿಗೆ ಇನ್ನೊಂದು ಮಾತು. ಎಷ್ಟೋ ಕಡೆ ಮೊಬೈಲ್ ಸಿಗ್ನಲ್ ಸಿಗುವುದು ದಣಪೆಯ (ಬೇಲಿಯ ಬಾಗಿಲು) ಹತ್ತಿರ ಒಂದೇ ಜಾಗದಲ್ಲಿ. ಮನೆಗೆ ಫೈಬರ್ ಇಂಟರ್‌ನೆಟ್ ಇದ್ದರೆ ಫೋನಿನ ಸೆಟ್ಟಿಂಗ್‌ನಲ್ಲಿ ವೈಫೈ ಕಾಲಿಂಗ್ ಇವತ್ತೇ ಆನ್ ಮಾಡಿಡಿ. ಕರೆಂಟು ಹೋದಾಗ ರೌಟರ್ ನಿಲ್ಲದಂತೆ ಅದಕ್ಕೊಂದು ಸಣ್ಣ ಬ್ಯಾಟರಿ ಹಾಕಿಸಿ. ನಡೆದು ಹೋಗಲು ಆಗುವ ಹತ್ತಿರದ ಮನೆ ಯಾವುದು, ಮಳೆಗಾಲದಲ್ಲಿ ರಾತ್ರಿ ಆ ಕಾಲುದಾರಿಯ ಸಂಕ (ಹಳ್ಳದ ಕಾಲುಸೇತುವೆ) ದಾಟಲು ಆಗುತ್ತದೆಯೇ ಎಂದು ಹಗಲಿನಲ್ಲೇ ಒಮ್ಮೆ ನಡೆದು ನೋಡಿ.